ಸೀರೆಯಲ್ಲಿದ್ದಾಗ ವಿಡಿಯೋ ಕಾಲ್ ಬಂದರೆ: ಕ್ರಾಸ್‌ಡ್ರೆಸರ್‌ಗಳಿಗೆ ಗುಟ್ಟು ಕಾಯುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಸೀರೆ ಉಟ್ಟು, ಬೊಟ್ಟಿಟ್ಟು, ಒಂದೆರಡು ಗಂಟೆ ನೆಮ್ಮದಿಯಾಗಿರುವ ಗಂಡಸರು ನಮ್ಮ ನಡುವೆ ಇದ್ದಾರೆ. ನಾನೂ ಅವರಲ್ಲೊಬ್ಬ. ಯಕ್ಷಗಾನದ ರಂಗಸ್ಥಳದಲ್ಲಿ ಸ್ತ್ರೀವೇಷ ಕುಣಿದರೆ ಊರೇ ತಲೆದೂಗುತ್ತದೆ. ಅದೇ ಮನುಷ್ಯ ತನ್ನ ಕೋಣೆಯಲ್ಲಿ, ಯಾರಿಗೂ ತೋರಿಸದೆ, ತನ್ನ ಖುಷಿಗೆ ಉಟ್ಟರೆ ಮಾತ್ರ ಮನೆ ಮುರಿಯುವ ವಿಷಯವಾಗಿಬಿಡುತ್ತದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಗುಟ್ಟಾಗಿ ಇಟ್ಟುಕೊಳ್ಳಬೇಕೆಂದವರು ಹೇಗೆ ಇಟ್ಟುಕೊಳ್ಳಬೇಕು, ಅಷ್ಟೇ ವಿಷಯ.

ಹಿಂದೆ ಇದು ಸುಲಭವಿತ್ತು. ಫೋನ್ ಬಂತಾ, ಎತ್ತಿ ಮಾತಾಡಿದರಾಯಿತು. ಮೈಮೇಲೆ ಏನಿದೆ ಅಂತ ಆ ಕಡೆಯವರಿಗೆ ಏನು ಗೊತ್ತು? ಅಮೆರಿಕದ ಎಟಿ ಅಂಡ್ ಟಿ ಕಂಪನಿ 1964ರಲ್ಲೇ ನ್ಯೂಯಾರ್ಕಿನ ಜಾಗತಿಕ ಮೇಳದಲ್ಲಿ ಮುಖ ಕಾಣುವ ಫೋನನ್ನು ತೋರಿಸಿತ್ತು. ಆದರೆ ಅದು ಓಡಲಿಲ್ಲ. ನಮ್ಮಲ್ಲಿ ಲೆಕ್ಕ ಬದಲಾದದ್ದು 2016ರಲ್ಲಿ. ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ನವೆಂಬರ್‌ನಲ್ಲಿ ವಾಟ್ಸಾಪ್‌ಗೆ ವಿಡಿಯೋ ಕಾಲ್ ಬಂತು. ಆಮೇಲೆ ತೀರ್ಥಹಳ್ಳಿಯ ಅಜ್ಜಿಯೂ ವಿಡಿಯೋದಲ್ಲೇ ಮಾತಾಡತೊಡಗಿದರು.

ಬಹಳಷ್ಟು ಜನ ಹ್ಯಾಕರ್‌ಗಳಿಗೆ ಹೆದರುತ್ತಾರೆ. ನನ್ನ ಅನಿಸಿಕೆ ಬೇರೆ. ನಮ್ಮ ಗುಟ್ಟಿಗೆ ದೊಡ್ಡ ಅಪಾಯ ಇರುವುದು ‘ಯಾಕೋ, ಮುಖ ತೋರ್ಸೋ’ ಎನ್ನುವ ಅಮ್ಮನಿಂದ, ತವರಿಗೆ ಹೋಗಿ ರಾತ್ರಿ ಮಗುವಿನ ಮುಖ ತೋರಿಸಲು ಫೋನ್ ಮಾಡುವ ಹೆಂಡತಿಯಿಂದ. ಅವರ ಕರೆಯನ್ನು ಸುಮ್ನೆ ಕಟ್ ಮಾಡುವುದಕ್ಕಾಗುವುದಿಲ್ಲ. ಹಾಗಾಗಿ ಇಲ್ಲಿ ಫೋನಿನ ಸೆಟ್ಟಿಂಗ್‌ಗಿಂತ ಮೊದಲು ಅಭ್ಯಾಸದ ಮಾತು ಬರುತ್ತದೆ.

ಹೆಜ್ಜೆ 1: ಯಾರು, ಯಾವಾಗ ಮಾಡುತ್ತಾರೆ?

ಒಂದು ವಾರ ನಿಮಗೆ ಬರುವ ವಿಡಿಯೋ ಕಾಲ್‌ಗಳನ್ನು ಗಮನಿಸಿ. ಯಾರಿಂದ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು. ಎಲ್ಲಿಯೂ ಬರೆದಿಡಬೇಡಿ, ಮನಸ್ಸಿನಲ್ಲಿ ಇದ್ದರೆ ಸಾಕು. ಸಾಮಾನ್ಯವಾಗಿ ನಾಲ್ಕೈದು ಜನರಿಗಿಂತ ಜಾಸ್ತಿ ಇರುವುದಿಲ್ಲ. ಅಮ್ಮನದು ರಾತ್ರಿ ಊಟ ಆದ ಮೇಲೆ, ವಿದೇಶದಲ್ಲಿರುವ ತಂಗಿಯದು ಭಾನುವಾರ ಬೆಳಿಗ್ಗೆ, ಹೀಗೆ ಒಂದು ಕ್ರಮ ಇದ್ದೇ ಇರುತ್ತದೆ. ನಿಮ್ಮ ಹೊತ್ತನ್ನು ಆ ಕರೆ ಮುಗಿದ ಮೇಲೆ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯದು, ನೀವೇ ಮೊದಲು ಫೋನ್ ಮಾಡಿ ಮಾತು ಮುಗಿಸಿಬಿಡುವುದು. ಒಮ್ಮೆ ಮಾತಾಡಿದ ಅಮ್ಮ ಅದೇ ರಾತ್ರಿ ಮತ್ತೆ ವಿಡಿಯೋ ಮಾಡುವುದು ಕಡಿಮೆ.

ಹೆಜ್ಜೆ 2: ಮಾಮೂಲಿ ದಿನಗಳಲ್ಲೇ ಅಭ್ಯಾಸ ಮಾಡಿಸಿ

ಉಳಿದ ಹೆಜ್ಜೆಗಳಲ್ಲಿ ಒಂದೆರಡು ಬಿಟ್ಟರೂ ನಡೆದೀತು, ಇದನ್ನು ಬಿಡಬೇಡಿ. ದಿನಾ ವಿಡಿಯೋ ಎತ್ತುವವನು ಒಂದು ದಿನ ಎತ್ತದಿದ್ದರೆ ಅನುಮಾನ ಬರುತ್ತದೆ. ಯಾವಾಗಲೂ ಅರ್ಧಕ್ಕರ್ಧ ಎತ್ತದವನು ಇನ್ನೊಂದು ಸಲ ಎತ್ತದಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಪ್ಯಾಂಟು ಶರಟಿನಲ್ಲಿ ಸುಮ್ನೆ ಕೂತಿರುವ ದಿನವೇ ವಿಡಿಯೋ ಕಾಲ್ ಕಟ್ ಮಾಡಿ, ಒಂದು ನಿಮಿಷ ಬಿಟ್ಟು ಬರೀ ದನಿಯ ಕರೆ ಮಾಡಿ. ‘ಈಗ ಹೇಳಮ್ಮ’ ಅಂತ ಮಾಮೂಲಿಯಾಗಿ ಶುರು ಮಾಡಿ. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಮುಂದಿನ ಸಲವೂ ಕಾರಣ ಕೇಳುತ್ತಾರೆ. ಕೆಲವು ತಿಂಗಳು ಹೀಗೆ ನಡೆದರೆ ‘ಅವನು ವಿಡಿಯೋ ಎತ್ತೋದೇ ಅಪರೂಪ, ಆಮೇಲೆ ಅವನೇ ಮಾಡ್ತಾನೆ’ ಎಂದು ಮನೆಯವರೇ ಹೇಳುತ್ತಾರೆ. ಈ ಒಂದು ಮಾತು ಯಾವ ಆ್ಯಪ್‌ಗಿಂತಲೂ ಗಟ್ಟಿ.

ನೆಪ ಹೇಳಲೇಬೇಕಾದರೆ ‘ನೆಟ್‌ವರ್ಕ್ ಇಲ್ಲ’ ಬೇಡ. ಅದು ಹಳಸಿದೆ, ಮೇಲಾಗಿ ವಾಟ್ಸಾಪ್‌ನಲ್ಲಿ ಆನ್‌ಲೈನ್ ಅಂತ ತೋರಿಸುತ್ತಿರುತ್ತದೆ. ‘ಸ್ನಾನಕ್ಕೆ ಹೋಗ್ತಿದೀನಿ’ ಅನ್ನುವುದು ಎಲ್ಲಕ್ಕಿಂತ ಒಳ್ಳೆಯದು. ಹದಿನೈದು ನಿಮಿಷ ಸಿಗುತ್ತದೆ. ಆಮೇಲೆ ಮುಖ ಕೆಂಪಗಿದ್ದರೂ, ಕೂದಲು ಒದ್ದೆಯಾಗಿದ್ದರೂ ಅದಕ್ಕೊಂದು ಅರ್ಥ ಇರುತ್ತದೆ.

ಆನ್‌ಲೈನ್ ಎಂದು ತೋರಿಸುವುದನ್ನೂ ನಿಲ್ಲಿಸಬಹುದು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ‘ಲಾಸ್ಟ್ ಸೀನ್ ಅಂಡ್ ಆನ್‌ಲೈನ್’. ಲಾಸ್ಟ್ ಸೀನ್‌ಗೆ ‘ನೋಬಡಿ’ ಇಟ್ಟು, ಆನ್‌ಲೈನ್‌ಗೆ ‘ಸೇಮ್ ಆ್ಯಸ್ ಲಾಸ್ಟ್ ಸೀನ್’ ಇಡಿ. ಇದನ್ನೂ ಮಾಮೂಲಿ ದಿನ ಮಾಡಿ, ಆಮೇಲೆ ಬದಲಿಸಬೇಡಿ.

ಹೆಜ್ಜೆ 3: ಕ್ಯಾಮೆರಾವನ್ನೇ ಮುಚ್ಚಿ

ಉಡುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಇದು, ಉಟ್ಟ ಮೇಲೆ ಅಲ್ಲ.

ಮೊದಲು ಟೇಪು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಪ್ಪು ಇನ್ಸುಲೇಶನ್ ಟೇಪಿನ ಸಣ್ಣ ತುಂಡು ಸಾಕು. ಮುಂದಿನ ಕ್ಯಾಮೆರಾಕ್ಕೂ ಹಾಕಿ, ಹಿಂದಿನದಕ್ಕೂ ಹಾಕಿ. ಹಿಂದಿನದನ್ನು ಎಲ್ಲರೂ ಮರೆಯುತ್ತಾರೆ. ಗಾಬರಿಯಲ್ಲಿ ಬೆರಳು ತಾಗಿ ಕ್ಯಾಮೆರಾ ತಿರುಗಿದರೆ ಎದುರಿಗಿರುವ ನಿಲುವುಗನ್ನಡಿಯಲ್ಲಿ ನೀವು ಪೂರ್ತಿ ಕಾಣುತ್ತೀರಿ. ಇದು ಅತಿಯಾಯಿತು ಅನಿಸಬಹುದು. ಆದರೆ 2019ರ ಜನವರಿಯಲ್ಲಿ ಆಪಲ್‌ನ ವಿಡಿಯೋ ಕಾಲ್ ಸೌಲಭ್ಯವಾದ ಗ್ರೂಪ್ ಫೇಸ್‌ಟೈಮ್‌ನಲ್ಲಿ ಒಂದು ದೋಷ ಸಿಕ್ಕಿತ್ತು: ಎತ್ತುವ ಮೊದಲೇ ಈ ಕಡೆಯ ದನಿ ಆ ಕಡೆಗೆ ಕೇಳುತ್ತಿತ್ತು. ರಿಂಗ್ ನಿಲ್ಲಿಸಲು ಪವರ್ ಬಟನ್ ಒತ್ತಿದರೆ ಚಿತ್ರವೂ ಹೋಗುತ್ತಿತ್ತು. ಫೆಬ್ರವರಿಯಲ್ಲಿ ಅದನ್ನು ಸರಿಪಡಿಸಿದರು. ತಂತ್ರಾಂಶ ಕೈಕೊಟ್ಟಾಗಲೂ ಟೇಪು ಕೆಲಸ ಮಾಡುತ್ತದೆ.

ಎರಡನೆಯದು ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿರುವ ‘ಕ್ಯಾಮೆರಾ ಆ್ಯಕ್ಸೆಸ್’ ಗುಂಡಿ. ಮೇಲಿನಿಂದ ಪರದೆ ಎಳೆದರೆ ವೈಫೈ, ಟಾರ್ಚ್ ಇರುವ ಜಾಗದಲ್ಲೇ ಇದನ್ನೂ ಸೇರಿಸಿಕೊಳ್ಳಬಹುದು. ಇದನ್ನು ಆಫ್ ಮಾಡಿದರೆ ಯಾವ ಆ್ಯಪ್‌ಗೂ ಚಿತ್ರ ಸಿಗುವುದಿಲ್ಲ. ಒಂದೇ ಎಚ್ಚರ: ವಿಡಿಯೋ ಕಾಲ್ ಎತ್ತಿದಾಗ ‘ಕ್ಯಾಮೆರಾ ಅನ್‌ಬ್ಲಾಕ್ ಮಾಡಲೇ?’ ಎಂದು ಫೋನ್ ಕೇಳಬಹುದು. ಅಭ್ಯಾಸಬಲದಿಂದ ಸರಿ ಅಂತ ಒತ್ತಿಬಿಡಬೇಡಿ.

ಐಫೋನ್‌ನಲ್ಲಿ ಅಂಥ ಒಂದೇ ಗುಂಡಿ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್‌ಗೆ ಕೊಟ್ಟ ಕ್ಯಾಮೆರಾ ಅನುಮತಿಯನ್ನು ತೆಗೆಯಬಹುದು. ಫೇಸ್‌ಟೈಮನ್ನು ಪೂರ್ತಿ ಆಫ್ ಮಾಡಬಹುದು. ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕಾದರೆ ‘ಸ್ಕ್ರೀನ್ ಟೈಮ್’ ಒಳಗಿನ ನಿರ್ಬಂಧಗಳಲ್ಲಿ ಕ್ಯಾಮೆರಾ ಆಫ್ ಮಾಡಿ. ಮಕ್ಕಳಿಗೆಂದು ಇಟ್ಟ ಸೌಲಭ್ಯ, ದೊಡ್ಡವರಿಗೂ ಆಗುತ್ತದೆ.

ಪರದೆಯ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಂಡರೆ ಕ್ಯಾಮೆರಾ ನಡೆಯುತ್ತಿದೆ ಎಂದರ್ಥ. ಐಫೋನ್‌ನಲ್ಲಿ ಕಿತ್ತಳೆ ಚುಕ್ಕೆ ಇದ್ದರೆ ಮೈಕ್ ಮಾತ್ರ. ಆಂಡ್ರಾಯ್ಡ್‌ನಲ್ಲಿ ಎರಡಕ್ಕೂ ಹಸಿರೇ.

ಹೆಜ್ಜೆ 4: ಕರೆ ಎಲ್ಲೆಲ್ಲಿ ರಿಂಗಾಗುತ್ತದೆ ನೋಡಿಕೊಳ್ಳಿ

ಫೋನ್ ಒಂದಕ್ಕೇ ಕಾವಲು ಹಾಕಿದರೆ ಸಾಲದು. ಹಾಲ್‌ನಲ್ಲಿರುವ ಐಪ್ಯಾಡ್, ಲ್ಯಾಪ್‌ಟಾಪ್‌ನಲ್ಲಿ ತೆರೆದಿಟ್ಟ ವಾಟ್ಸಾಪ್, ಕಾರಿನ ಬ್ಲೂಟೂತ್, ಎಲ್ಲೆಡೆ ಕರೆ ಬರಬಹುದು. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ್ದನ್ನು, ಬೇಡದ್ದನ್ನು ಲಾಗ್ ಔಟ್ ಮಾಡಿ. ಮನೆಯವರೆಲ್ಲ ಬಳಸುವ ಐಪ್ಯಾಡ್‌ನಲ್ಲಿ ನಿಮ್ಮ ಆಪಲ್ ಖಾತೆ ಇದ್ದರೆ ಅದರಲ್ಲಿ ಫೇಸ್‌ಟೈಮ್ ಆಫ್ ಇರಲಿ.

ಅಪರಿಚಿತರ ಕರೆಗೆ ವಾಟ್ಸಾಪ್‌ನಲ್ಲಿ 2023ರಿಂದ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಇದೆ. ಅದನ್ನು ಖಾಯಂ ಆನ್ ಇಟ್ಟುಬಿಡಿ. ‘ಡು ನಾಟ್ ಡಿಸ್ಟರ್ಬ್’ ಹಾಕುವವರು ಒಂದು ವಿಷಯ ತಿಳಿದಿರಬೇಕು. ಒಬ್ಬರೇ ಬೇಗ ಬೇಗ ಎರಡು ಸಲ ಮಾಡಿದರೆ ಎರಡನೆಯ ಕರೆಯನ್ನು ಬಿಡುವ ಏರ್ಪಾಡು ಅದರಲ್ಲಿದೆ. ಐಫೋನ್‌ನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ. ಗಾಬರಿ ಸ್ವಭಾವದ ಅಮ್ಮಂದಿರು ಮಾಡುವುದೇ ಹಾಗೆ. ಆದರೂ ನಾನಾದರೆ ಅದನ್ನು ತೆಗೆಯುವುದಿಲ್ಲ. ಊರಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಗೊತ್ತಾಗಬೇಕಲ್ಲ. ರಿಂಗಾಗಲಿ, ಕ್ಯಾಮೆರಾ ಹೇಗೂ ಮುಚ್ಚಿದೆ.

ನೀವಾಗಿಯೇ ಕರೆ ಮಾಡುವಾಗ ಇನ್ನೊಂದು ಅಪಾಯ. 2016ರಲ್ಲಿ ಬಂದ ಗೂಗಲ್ ಡ್ಯುಯೋದಲ್ಲಿ ‘ನಾಕ್ ನಾಕ್’ ಎಂಬ ಸೌಲಭ್ಯವಿತ್ತು. ಕರೆ ಮಾಡಿದವರ ಮುಖ, ಆ ಕಡೆಯವರು ಎತ್ತುವ ಮೊದಲೇ ಅವರ ಪರದೆಯ ಮೇಲೆ ಬರುತ್ತಿತ್ತು. ಹೊಸ ಆ್ಯಪ್ ಯಾವುದೇ ಹಾಕಿಕೊಂಡರೂ ಮೊದಲು ನಿಮ್ಮದೇ ಇನ್ನೊಂದು ಫೋನಿಗೆ ಕರೆ ಮಾಡಿ ನೋಡಿ, ಎತ್ತುವ ಮೊದಲು ಏನು ಕಾಣುತ್ತದೆ ಅಂತ.

ಹೆಜ್ಜೆ 5: ದನಿಯ ಕರೆಯೂ ಗುಟ್ಟು ಬಿಡುತ್ತದೆ

ಬಳೆ. ಕಾಲ್ಗೆಜ್ಜೆ. ಗಾಜಿನ ಬಳೆ ಹಾಕಿದ ಕೈಯಲ್ಲಿ ಫೋನ್ ಹಿಡಿದರೆ ಕಿವಿಯ ಪಕ್ಕದಲ್ಲೇ ಸದ್ದು. ‘ಯಾರಿದ್ದಾರೆ ಮನೇಲಿ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ನಿಮ್ಮನ್ನು ಬೇರೆ ಥರದ ತೊಂದರೆಗೆ ಸಿಕ್ಕಿಸುತ್ತದೆ, ಅಲ್ವಾ? ಕರೆ ಎತ್ತುವ ಮೊದಲು ಒಂದು ಕೈಯ ಬಳೆಯನ್ನಾದರೂ ಮೊಣಕೈವರೆಗೆ ಏರಿಸಿಕೊಳ್ಳಿ, ಆ ಕೈಯಲ್ಲಿ ಫೋನ್ ಹಿಡಿಯಿರಿ. ಗೆಜ್ಜೆ ಹಾಕಿದ್ದರೆ ಕೂತು ಮಾತಾಡಿ.

ಹೆಜ್ಜೆ 6: ಐದು ನಿಮಿಷದಲ್ಲಿ ಹಿಂದಿನ ವೇಷಕ್ಕೆ

ಕೆಲವೊಮ್ಮೆ ವಿಡಿಯೋ ಎತ್ತಲೇಬೇಕಾಗುತ್ತದೆ. ಅದಕ್ಕೆ ಮೊದಲೇ ತಯಾರಿ ಬೇಕು. ಕನ್ನಡಿ ಪಕ್ಕ ಒಂದು ಡಬ್ಬಿ ಇಡಿ: ತೆಂಗಿನೆಣ್ಣೆ, ಹತ್ತಿ, ವೆಟ್ ವೈಪ್ಸ್, ಮುಖ ತೊಳೆಯುವ ಸೋಪು. ಪಕ್ಕದಲ್ಲೇ ಕುತ್ತಿಗೆವರೆಗೆ ಮುಚ್ಚುವ ಒಂದು ಟೀ ಶರ್ಟ್ ಅಥವಾ ಹೂಡಿ.

ವಿಡಿಯೋದಲ್ಲಿ ಕಾಣುವುದು ಎದೆಯಿಂದ ಮೇಲೆ. ಆದ್ದರಿಂದ ಸೀರೆ ಬಿಚ್ಚುತ್ತ ಹೊತ್ತು ಕಳೆಯಬೇಡಿ. ವಿಗ್, ಓಲೆ, ಬೊಟ್ಟು, ತುಟಿ, ಕಣ್ಣು, ಈ ಕ್ರಮದಲ್ಲಿ ಹೋಗಿ. ಕೊನೆಗೆ ಹೂಡಿಯನ್ನು ರವಿಕೆಯ ಮೇಲೇ ಹಾಕಿಕೊಳ್ಳಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಆಯಿತು. ಕೂತಲ್ಲಿಂದ ಏಳಬೇಡಿ.

ಕಣ್ಣು ಎಲ್ಲಕ್ಕಿಂತ ಕಷ್ಟ. ನೀರಿಗೆ ಹೋಗದ ಕಾಡಿಗೆಯನ್ನು ಸೋಪಿನಿಂದ ಉಜ್ಜಿದರೆ ಕಣ್ಣು ಕೆಂಪಾಗುತ್ತದೆ, ಕಪ್ಪು ಮಾತ್ರ ರೆಪ್ಪೆಯ ಬುಡದಲ್ಲೇ ಉಳಿಯುತ್ತದೆ. ಅದಕ್ಕೆ ಎಣ್ಣೆಯೇ ಬೇಕು. ಹತ್ತಿಗೆ ಎಣ್ಣೆ ಹಚ್ಚಿ, ಕಣ್ಣು ಮುಚ್ಚಿ, ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಒರೆಸಿ. ಮ್ಯಾಟ್ ಲಿಪ್‌ಸ್ಟಿಕ್‌ಗೂ ಇದೇ ಮದ್ದು. ಯಾರಾದರೂ ಫೋನ್ ಮಾಡಬಹುದಾದ ಸಂಜೆಗಳಲ್ಲಿ ಮಾಮೂಲಿ, ಒರೆಸಿದರೆ ಹೋಗುವ ಲಿಪ್‌ಸ್ಟಿಕ್ಕನ್ನೇ ಹಚ್ಚಿ. ಉಗುರಿಗೆ ಬಣ್ಣದ ಬದಲು ಅಂಟಿಸುವ ಉಗುರು. ಕಿವಿಗೆ ಒತ್ತುವ ಓಲೆ.

ಉಳಿದುಹೋಗುವ ಕುರುಹುಗಳೂ ಇವೆ. ಬಚ್ಚಲುಮನೆ ಕನ್ನಡಿಗೆ ಅಂಟಿಸಿಟ್ಟ ಬಿಂದಿಯಷ್ಟು ಜನರನ್ನು ಬೇರೆ ಯಾವುದೂ ಸಿಕ್ಕಿಸಿಲ್ಲವೇನೋ. ಮದುವೆಯಾದವರ ಮನೆಯಲ್ಲಿ ಅದು ಹೆಂಡತಿಯದೇ ಆಗಿರಬಹುದು ಅಂತ ಉಳಿದುಕೊಳ್ಳಬಹುದು. ಬ್ಯಾಚುಲರ್ ರೂಮಿನಲ್ಲಿ?

ಹೆಜ್ಜೆ 7: ಚೌಕಟ್ಟಿನೊಳಗೆ ಏನೇನಿದೆ

ಇದು ಎರಡೂ ಕಡೆಗೆ ಅನ್ವಯ. ಮನೆಯವರಿಗೆ ವಿಡಿಯೋ ಮಾಡುವಾಗ ಹಿಂದೆ ಸೀರೆ, ವಿಗ್ ಕಾಣಬಾರದು. ಸಿಡಿ (ಅಂದರೆ ಕ್ರಾಸ್‌ಡ್ರೆಸರ್) ಗೆಳೆಯರಿಗೆ ಮಾಡುವಾಗ ನಿಮ್ಮ ಮನೆ ಎಲ್ಲಿದೆ ಎಂಬ ಗುರುತು ಕಾಣಬಾರದು.

ಎರಡನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಬಡಾವಣೆಯ ದಿನಸಿ ಅಂಗಡಿಯದು ಅಥವಾ ಸೊಸೈಟಿ ಬ್ಯಾಂಕಿನದು. ಕೆಳಗೆ ದಪ್ಪ ಅಕ್ಷರದಲ್ಲಿ ವಿಳಾಸ, ಫೋನ್ ನಂಬರ್! ಕಿಟಕಿಯಾಚೆ ಕಾಣುವ ನೀರಿನ ಟ್ಯಾಂಕ್, ಮೆಟ್ರೋ ಕಂಬ, ಷೋಕೇಸಿನಲ್ಲಿರುವ ಕಾಲೇಜಿನ ಟ್ರೋಫಿ, ಕುತ್ತಿಗೆಗೆ ಹಾಕುವ ಆಫೀಸ್ ಟ್ಯಾಗ್, ಮದುವೆ ಫೋಟೋ, ಇವೆಲ್ಲ ಹೆಸರು ಹೇಳುತ್ತವೆ. ಕೈ ಮೇಲಿನ ಹಚ್ಚೆ, ದಿನಾ ಹಾಕುವ ಉಂಗುರ, ದಿನಾ ಹಾಕುವ ಕನ್ನಡಕವೂ ಅಷ್ಟೇ. ಬ್ಯಾಕ್‌ಗ್ರೌಂಡ್ ಮಸುಕು ಮಾಡುವ ಸೌಲಭ್ಯವನ್ನು ನಂಬಿ ಕೂರಬೇಡಿ. ನೀವು ಅಲುಗಾಡಿದಾಗ ಅಂಚಿನಲ್ಲಿ ಹಿಂದಿನದು ಕಂಡುಬಿಡುತ್ತದೆ. ಖಾಲಿ ಗೋಡೆ ಅಥವಾ ಒಂದು ಬಣ್ಣದ ಬೆಡ್‌ಶೀಟ್ ಸಾಕು. ಹೊಸದಾಗಿ ಪರಿಚಯವಾದವರ ಮುಂದೆ ವಿಡಿಯೋ ತೆರೆಯುವ ಮೊದಲು ನಿಮ್ಮ ಕ್ಯಾಮೆರಾದಲ್ಲೇ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ, ಮೂಲೆ ಮೂಲೆ ನೋಡಿ. ಆಮೇಲೆ ಅಳಿಸಿ.

ಹೆಜ್ಜೆ 8: ಆಫೀಸ್ ಲ್ಯಾಪ್‌ಟಾಪ್ ಮುಟ್ಟಬೇಡಿ

ಈ ಸಾಲನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಮನೆಯಿಂದ ಕೆಲಸ ಮಾಡುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಶನಿವಾರ ರಾತ್ರಿ ಜೂಮ್‌ನಲ್ಲಿ ಗೆಳತಿಯರ ಜೊತೆ ‘ರಮ್ಯಾ’ ಆಗಿ ಕೂತು, ಸೋಮವಾರ ಅದೇ ಖಾತೆಯಲ್ಲಿ ಮೀಟಿಂಗ್ ಸೇರಿದರೆ ಮ್ಯಾನೇಜರ್‌ಗೆ ಕಾಣುವ ಹೆಸರೂ ರಮ್ಯಾನೇ. ಜೂಮ್‌ನಲ್ಲಿ ತುಟಿಗೆ ಬಣ್ಣ, ಹುಬ್ಬಿಗೆ ಆಕಾರ ಕೊಡುವ ಸ್ಟುಡಿಯೋ ಎಫೆಕ್ಟ್ಸ್ ಇವೆ. ‘ಮುಂದಿನ ಎಲ್ಲ ಮೀಟಿಂಗ್‌ಗೂ ಇರಲಿ’ ಎಂಬ ಆಯ್ಕೆಯೂ ಅಲ್ಲೇ ಇದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ವಕೀಲರೊಬ್ಬರು ಕೋರ್ಟಿನ ಆನ್‌ಲೈನ್ ವಿಚಾರಣೆಗೆ ಬೆಕ್ಕಿನ ಮುಖದಲ್ಲಿ ಬಂದು ಜಗತ್ತನ್ನೇ ನಗಿಸಿದ್ದು ನೆನಪಿದೆಯಾ? ಆನ್ ಆಗಿದ್ದ ಫಿಲ್ಟರನ್ನು ತೆಗೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಬೆಕ್ಕಾದರೆ ನಗು, ಲಿಪ್‌ಸ್ಟಿಕ್ ಆದರೆ ಪ್ರಶ್ನೆ.

ಬೇರೆ ಖಾತೆ, ಬೇರೆ ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳಿ. ಜೂಮ್ ಸೆಟ್ಟಿಂಗ್ಸ್‌ನಲ್ಲಿ ಮೀಟಿಂಗ್ ಸೇರುವಾಗ ವಿಡಿಯೋ ಆಫ್ ಇರುವಂತೆ ಮಾಡಿ. ಸ್ಕ್ರೀನ್ ಶೇರ್ ಮಾಡುವ ಮೊದಲು ವಾಟ್ಸಾಪ್ ಮುಚ್ಚಿ. ಮೂಲೆಯಲ್ಲಿ ಪುಟಿದು ಬರುವ ಒಂದು ಸಾಲು ಸಾಕು.

ಹೆಜ್ಜೆ 9: ಎರಡನೇ ನಂಬರ್, ಆದರೆ ಸರಿಯಾಗಿ

ಸಿಡಿ ಗೆಳೆಯರಿಗೆಂದು ಬೇರೆ ನಂಬರ್ ಬೇಕು. ಸಿಮ್ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ. ಬೇರೆಯವರ ದಾಖಲೆ ಕೊಟ್ಟು ತೆಗೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇರಬಹುದು, ಹಾಗಾಗಿ ಕಳ್ಳದಾರಿ ಬೇಕಿಲ್ಲ.

ಈ ನಂಬರ್‌ಗೆ ಯುಪಿಐ ಜೋಡಿಸಬೇಡಿ. ಇದರಲ್ಲೊಂದು ಅಪಾಯವಿದೆ. ಯಾರಾದರೂ ಒಂದು ರೂಪಾಯಿ ಕಳಿಸುವ ನೆಪದಲ್ಲಿ ನಿಮ್ಮ ನಂಬರ್ ಒತ್ತಿದರೆ ಸಾಕು, ಬ್ಯಾಂಕ್ ದಾಖಲೆಯಲ್ಲಿರುವ ಪೂರ್ತಿ ಹೆಸರು ಪರದೆ ಮೇಲೆ ಬರುತ್ತದೆ. ಹಣ ಕಳಿಸಬೇಕಾಗಿಯೂ ಇಲ್ಲ. ಬ್ಯಾಂಕ್, ಆಧಾರ್, ಫೇಸ್‌ಬುಕ್, ಊಟ ತರಿಸುವ ಆ್ಯಪ್, ಯಾವುದಕ್ಕೂ ಈ ನಂಬರ್ ಬೇಡ. ಟ್ರೂಕಾಲರ್‌ನಲ್ಲಿ ಜನ ಸೂಚಿಸಿದ ಹೆಸರೂ ತೋರುವುದರಿಂದ, ಗೆಳೆಯರೊಬ್ಬರು ‘ರಮ್ಯಾ ಸಿಡಿ’ ಅಂತ ಹಾಕಿದರೆ ಅದು ಊರಿಗೆಲ್ಲ ಕಾಣಬಹುದು. ಕರೆ ಬಂದಾಗ ಸಿಮ್ ದಾಖಲೆಯ ಹೆಸರನ್ನೇ ತೋರಿಸುವ ಸಿಎನ್‌ಎಪಿ ವ್ಯವಸ್ಥೆಗೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಈ ಸಿಮ್‌ನಿಂದ ಮಾಮೂಲಿ ಕರೆ ಮಾಡಬೇಡಿ, ಆ್ಯಪ್ ಒಳಗೇ ಮಾತಾಡಿ.

ರೀಚಾರ್ಜ್ ನಿಲ್ಲಿಸಬೇಡಿ. ಬಹಳ ದಿನ ಬಳಸದೆ ಬಿಟ್ಟ ನಂಬರ್ ಬೇರೆಯವರ ಪಾಲಾಗುತ್ತದೆ. ಆಮೇಲೆ ನಿಮ್ಮ ಗೆಳತಿಯರ ಸಂದೇಶಗಳು ಆ ಅಪರಿಚಿತನ ಫೋನಿಗೆ.

ನನ್ನ ಆಯ್ಕೆ ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್. 2024ರಿಂದ ಅದರಲ್ಲಿ ನಂಬರ್ ಕೊಡದೆ, ಬರೀ ಯೂಸರ್‌ನೇಮ್ ಕೊಟ್ಟು ಮಾತಾಡಬಹುದು. ನೋಟಿಫಿಕೇಶನ್‌ನಲ್ಲಿ ಹೆಸರಾಗಲೀ ಸಂದೇಶವಾಗಲೀ ಬಾರದಂತೆ ಮಾಡಬಹುದು. ಐಫೋನ್‌ನವರು ಸಿಗ್ನಲ್ ಕರೆಗಳು ಫೋನಿನ ‘ರೀಸೆಂಟ್ಸ್’ ಪಟ್ಟಿಗೆ ಸೇರದಂತೆಯೂ ನೋಡಿಕೊಳ್ಳಿ. ಟೆಲಿಗ್ರಾಂ ಬಳಸುವವರಿಗೆ ಒಂದು ಎಚ್ಚರಿಕೆ: ಹೊಸದಾಗಿ ಸೇರಿದಾಗ, ಆ ನಂಬರನ್ನು ಸೇವ್ ಮಾಡಿಕೊಂಡವರಿಗೆ ಸುದ್ದಿ ಹೋಗುತ್ತದೆ. ಹೊಸ ನಂಬರ್‌ನಿಂದಲೇ ಸೇರಿ, ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ. ಇನ್‌ಸ್ಟಾಗ್ರಾಂಗೂ ಹಾಗೇ. ಕಾಂಟ್ಯಾಕ್ಟ್ಸ್ ಕೊಟ್ಟರೆ ನಿಮ್ಮ ‘ರಮ್ಯಾ’ ಖಾತೆಯನ್ನು ನಿಮ್ಮ ಭಾವಮೈದುನನಿಗೆ ‘ಇವರು ಗೊತ್ತಿರಬಹುದು’ ಅಂತ ತೋರಿಸುವ ಸಾಧ್ಯತೆ ಇದೆ.

ಹೆಜ್ಜೆ 10: ಫೋಟೋಗಳು ಓಡಾಡದಂತೆ

ಕರೆಗಿಂತ ಫೋಟೋ ಹೆಚ್ಚು ದಿನ ಬದುಕುತ್ತದೆ. ಗೂಗಲ್ ಫೋಟೋಸ್ ಮುಖ ಗುರುತಿಸಿ ಗುಂಪು ಮಾಡುತ್ತದೆ. ಸೀರೆಯ ಫೋಟೋವನ್ನು ನಿಮ್ಮ ಹೆಸರಿನ ಗುಂಪಿಗೇ ಹಾಕಿಬಿಡಬಹುದು. ಮಗಳು ‘ಅಪ್ಪನ ಫೋಟೋ’ ಹುಡುಕುವಾಗ ಅದೂ ಬರುತ್ತದೆ. ಟಿವಿಯಲ್ಲಿ ಸ್ಲೈಡ್‌ಶೋ ಓಡುವ ಮನೆಗಳಲ್ಲಿ ಇನ್ನೂ ಕಷ್ಟ. ಫೇಸ್ ಗ್ರೂಪಿಂಗ್ ಆಫ್ ಮಾಡಿ, ಇಂಥ ಫೋಟೋಗಳನ್ನು ‘ಲಾಕ್ಡ್ ಫೋಲ್ಡರ್’ಗೆ ಹಾಕಿ. ಸ್ಯಾಮ್‌ಸಂಗ್‌ನಲ್ಲಿ ‘ಸೆಕ್ಯೂರ್ ಫೋಲ್ಡರ್’ ಇದೆ. ಆಂಡ್ರಾಯ್ಡ್ 15ರಲ್ಲಿ ಬಂದ ‘ಪ್ರೈವೇಟ್ ಸ್ಪೇಸ್’ ಒಳಗೆ ಸಿಗ್ನಲನ್ನೂ ಫೋಟೋಗಳನ್ನೂ ಒಟ್ಟಿಗೆ ಅಡಗಿಸಬಹುದು. ಅಳಿಸಿದ ಫೋಟೋ ಬಿನ್‌ನಲ್ಲಿ ಉಳಿಯುತ್ತದೆ: ಐಫೋನ್‌ನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ. ಅಲ್ಲಿಂದಲೂ ತೆಗೆಯಿರಿ.

ಕ್ಯಾಮೆರಾದ ಲೊಕೇಶನ್ ಟ್ಯಾಗ್ ಆಫ್ ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಿಂದ ಜಾಗದ ಮಾಹಿತಿ ಉದುರಿಹೋಗುತ್ತದೆ. ಚೆನ್ನಾಗಿ ಕಾಣಲಿ ಅಂತ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ.

ಫೋನ್ ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಹೇಳಿ ಬರುವುದು ನಮ್ಮಲ್ಲಿ ಮಾಮೂಲಿ. ಸ್ಯಾಮ್‌ಸಂಗ್‌ನ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನ ‘ರಿಪೇರ್ ಮೋಡ್’ ಇರುವುದೇ ಇದಕ್ಕೆ. ಅಂಗಡಿಯವರು ಫೋನ್ ಪರೀಕ್ಷಿಸಬಹುದು, ನಿಮ್ಮ ಫೋಟೋ ಕಾಣುವುದಿಲ್ಲ.

ಹೆಜ್ಜೆ 11: ಹೊಸಬರ ಜೊತೆ ವಿಡಿಯೋ

ಒಂಟಿಯಾಗಿ ಉಟ್ಟು ಬಿಚ್ಚುವುದಕ್ಕಿಂತ ನಾಲ್ಕು ಜನರಿಗೆ ತೋರಿಸಿ ‘ಚೆನ್ನಾಗಿದೆ ಕಣೇ’ ಅನ್ನಿಸಿಕೊಳ್ಳುವ ಆಸೆ ಯಾರಿಗಿಲ್ಲ? ಆಸೆ ತಪ್ಪಲ್ಲ. ಆದರೆ ಈ ಆಸೆಯ ಮೇಲೇ ಕಣ್ಣಿಟ್ಟು ಕೂತವರಿದ್ದಾರೆ. ಹೊಗಳುತ್ತಾರೆ, ಎರಡನೇ ದಿನವೇ ವಿಡಿಯೋ ಕೇಳುತ್ತಾರೆ, ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಫೇಸ್‌ಬುಕ್ ಗೆಳೆಯರ ಪಟ್ಟಿಯ ಸ್ಕ್ರೀನ್‌ಶಾಟ್ ಜೊತೆ ದುಡ್ಡು ಕೇಳುತ್ತಾರೆ. ಇವತ್ತೇ ಆ ಪಟ್ಟಿಯನ್ನು ‘ಓನ್ಲಿ ಮಿ’ ಮಾಡಿ.

ನಾನು ಪಾಲಿಸುವ ಲೆಕ್ಕ ಇದು: ಮುಖವನ್ನೂ ಸೀರೆಯನ್ನೂ ಒಂದೇ ಚೌಕಟ್ಟಿನಲ್ಲಿ ಹೊಸಬರಿಗೆ ಕೊಡುವುದಿಲ್ಲ. ಸೀರೆ ತೋರಿಸುವುದಾದರೆ ಕುತ್ತಿಗೆಯಿಂದ ಕೆಳಗೆ, ಅಥವಾ ಮಾಸ್ಕ್ ಹಾಕಿ. ಬಟ್ಟೆ ಕಮ್ಮಿಯಿರುವ ವಿಡಿಯೋ ಯಾರಿಗೂ ಇಲ್ಲ, ಹಳಬರಿಗೂ ಇಲ್ಲ. ಮೊದಲು ಬರಹ, ಆಮೇಲೆ ದನಿ, ವಾರಗಳು ಕಳೆದ ಮೇಲೆ ವಿಡಿಯೋ. ಆತುರ ಮಾಡುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಆ ಕಡೆಯವರು ನಿಜವಾದ ಮನುಷ್ಯರೋ, ಹಳೆಯ ವಿಡಿಯೋ ಓಡಿಸುತ್ತಿದ್ದಾರೋ ನೋಡಲು ‘ಎಡಗೈಯಲ್ಲಿ ಬಲಗಿವಿ ಹಿಡಿದುಕೊಳ್ಳಿ’ ಎಂಬಂಥ ಏನಾದರೂ ಕೇಳಿ. ‘ವ್ಯೂ ಒನ್ಸ್’ ಫೋಟೋವನ್ನು ವಾಟ್ಸಾಪ್ ಸ್ಕ್ರೀನ್‌ಶಾಟ್ ಮಾಡಲು ಬಿಡದಿದ್ದರೂ, ಇನ್ನೊಂದು ಫೋನ್ ಹಿಡಿದು ಕ್ಲಿಕ್ಕಿಸುವುದನ್ನು ಯಾರೂ ತಡೆಯಲಾರರು. ಮೇಕಪ್ ಮಾಡಿದರೆ ಗುರುತು ಸಿಗದು ಎಂಬ ನಂಬಿಕೆಯೂ ಬೇಡ. ಮುಖದ ಫೋಟೋ ಕೊಟ್ಟರೆ ಅದೇ ಮುಖದ ಬೇರೆ ಫೋಟೋ ಹುಡುಕಿಕೊಡುವ ಪಿಮ್‌ಐಸ್‌ನಂಥ ಸೇವೆಗಳು ಈಗ ಎಲ್ಲರ ಕೈಗೆಟುಕುತ್ತವೆ.

ಹೆಜ್ಜೆ 12: ಯಾರಾದರೂ ಹೆದರಿಸಿದರೆ

ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಅವರು ಮತ್ತೆ ಬರುತ್ತಾರೆ. ಬೇಡಿಕೊಳ್ಳಬೇಡಿ, ಬೈಯಬೇಡಿ, ಉತ್ತರವನ್ನೇ ಕೊಡಬೇಡಿ. ಬ್ಲಾಕ್ ಮಾಡುವ ಮೊದಲು ನಂಬರ್, ಪ್ರೊಫೈಲ್, ಬೆದರಿಕೆಯ ಸಂದೇಶ, ದುಡ್ಡು ಹಾಕು ಅಂತ ಕೊಟ್ಟ ಯುಪಿಐ ಐಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಕಾನೂನು ಎಲ್ಲಿ ನಿಮ್ಮ ಕಡೆ ಇದೆ, ಎಲ್ಲಿ ಇಲ್ಲ, ಎರಡೂ ಗೊತ್ತಿರಲಿ. ಗಂಡಸು ಸೀರೆ ಉಡುವುದು ಅಪರಾಧವಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಪ್ರಕರಣ ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕದ್ದು ನೋಡುವುದರ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ, ಆದರೆ ಅದು ಹೆಣ್ಣುಮಕ್ಕಳ ರಕ್ಷಣೆಗೆ ಮಾತ್ರ. ಐಟಿ ಕಾಯ್ದೆಯ 66ಇ ಎಲ್ಲರಿಗೂ ಅನ್ವಯ, ಆದರೆ ಮೈಯ ಖಾಸಗಿ ಭಾಗದ ಚಿತ್ರಗಳಿಗಷ್ಟೇ. ಮೈತುಂಬ ಸೀರೆ ಉಟ್ಟ ಫೋಟೋ ಅದರಡಿ ಬರುವುದಿಲ್ಲ. ನಿಮಗೆ ಗಟ್ಟಿ ಆಸರೆ ನ್ಯಾಯ ಸಂಹಿತೆಯ 308ನೇ ಕಲಂ, ಅಂದರೆ ಸುಲಿಗೆ. ಮಾನ ಕಳೆಯುತ್ತೇನೆಂದು ಹೆದರಿಸಿ ದುಡ್ಡು ಕಿತ್ತರೆ 7 ವರ್ಷದವರೆಗೆ ಶಿಕ್ಷೆ ಆಗಬಹುದು. ದುಡ್ಡು ಕೇಳದೆ ಬರೀ ಹೆದರಿಸಿದರೆ 351, ಕ್ರಿಮಿನಲ್ ಬೆದರಿಕೆ.

ನಗ್ನ ಚಿತ್ರ ಹರಿಬಿಡುತ್ತೇನೆಂದು ಹೆದರಿಸುತ್ತಿದ್ದರೆ ‘ಸ್ಟಾಪ್ ಎನ್‌ಸಿಐಐ’ ತಾಣಕ್ಕೆ ಹೋಗಿ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಡಿಜಿಟಲ್ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಜಾಲಗಳಿಗೆ ಹೋಗಿ, ಅದೇ ಚಿತ್ರ ಅಲ್ಲಿ ಕಂಡರೆ ತಡೆಯಲು ನೆರವಾಗುತ್ತದೆ. 18 ದಾಟಿದವರಿಗೆ ಈ ಸೇವೆ.

ಮನೆ ಹತ್ತಿರದ ಠಾಣೆಗೆ ಹೋದರೆ ಗುರುತಿನವರು ಸಿಗುತ್ತಾರೆ ಎಂಬ ಅಳುಕಿದ್ದರೆ ಬೇರೆ ಠಾಣೆಗೆ ಹೋಗಿ. ‘ಝೀರೋ ಎಫ್‌ಐಆರ್’ ಅಡಿಯಲ್ಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ವಿಶೇಷ ಠಾಣೆಗಳೂ ಇವೆ. ಒಬ್ಬರೇ ಹೋಗಬೇಡಿ, ಸಾಧ್ಯವಾದರೆ ವಕೀಲರನ್ನೋ ನಂಬಿಕೆಯ ಗೆಳೆಯರನ್ನೋ ಕರೆದೊಯ್ಯಿರಿ. ರಾತ್ರಿ ನಿದ್ದೆ ಬಾರದೆ, ಬದುಕೇ ಮುಗಿಯಿತು ಅನ್ನಿಸುವಷ್ಟು ಭಯವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ದೂರು ಬರೆಯುವಾಗ ಬೆದರಿಕೆ ಯಾವಾಗ ಬಂತು, ಯಾವ ನಂಬರ್‌ನಿಂದ, ಎಷ್ಟು ಕೇಳಿದರು, ಎಷ್ಟು ಕೊಟ್ಟಿರಿ ಎಂಬುದನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ‘ನನ್ನ ಖಾಸಗಿ ವಿಡಿಯೋ ಇಟ್ಟುಕೊಂಡು ಹಣಕ್ಕಾಗಿ ಬೆದರಿಸುತ್ತಿದ್ದಾರೆ’ ಎಂದರೆ ಸಾಕು. ನೀವೇಕೆ ಸೀರೆ ಉಟ್ಟಿರಿ ಎಂದು ಆ ಅರ್ಜಿಯಲ್ಲಿ ವಿವರಿಸಬೇಕಿಲ್ಲ.